ಗಿರಿಜಾ ಕೀ ತಿರುಗಿಸಿದ ಮಧ್ಯಾಹ್ನ

ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ಶುರುಮಾಡಿದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಫ್ಯೂಸ್ ಚೆಕ್ ಮಾಡಿದ್ರಾ?" ದೇವರ ಮನೆಯ ಬಲ್ಬು ತಾನಾಗಿ ಹತ್ತಿತಂತೆ, ತೀರಿಕೊಂಡ ಮಾವನವರ ಕೋಣೆಯಲ್ಲಿ ಫ್ಯಾನು ತಿರುಗಿತಂತೆ. ನನ್ನ ಪ್ರಶ್ನೆ ಕೇಳಿದ ಕೂಡಲೇ ಹೇಳುವವರ ಮುಖ ಸಪ್ಪಗಾಗುತ್ತಿತ್ತು. ಟಿಫಿನ್ ಬಾಕ್ಸು ಮುಚ್ಚಿ ಎದ್ದುಹೋದವರೂ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಈಗ ಆ ಪ್ರಶ್ನೆಯನ್ನು ನನಗೇ ಕೇಳಬಹುದು. ಐ ಡಿಸರ್ವ್ ಇಟ್.

ನಾನು ಹಾಸನದ ಹೈಸ್ಕೂಲೊಂದರಲ್ಲಿ ಫಿಸಿಕ್ಸ್ ಕಲಿಸಿ ರಿಟೈರ್ ಆದವಳು. ನನಗೆ ಫಿಸಿಕ್ಸ್ ಕಲಿಸಿದವರು ಕಾನ್ವೆಂಟಿನ ಒಬ್ಬ ಸಿಸ್ಟರ್. ಅವರು ಬೋರ್ಡಿನ ಮೇಲೆ ಒಂದು ಬ್ಯಾಟರಿ, ಒಂದು ಸ್ವಿಚ್, ಒಂದು ಬಲ್ಬು ಬರೆದು ಗೆರೆ ಎಳೆದು ಜೋಡಿಸುತ್ತಿದ್ದರು. ಆಮೇಲೆ ಬ್ಯಾಟರಿಯನ್ನು ಮಾತ್ರ ಡಸ್ಟರಿನಿಂದ ಒರೆಸಿ, ನಮ್ಮ ಕಡೆ ತಿರುಗಿ, "ನೌ ಗರ್ಲ್ಸ್, ವಾಟ್ ಹ್ಯಾಪನ್ಸ್?" ಎನ್ನುತ್ತಿದ್ದರು. "ನಥಿಂಗ್, ಸಿಸ್ಟರ್!" ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗುತ್ತಿತ್ತು. ಆ ಉತ್ತರವನ್ನು ನಾನು ಎಷ್ಟೋ ಬ್ಯಾಚಿನ ಮಕ್ಕಳಿಂದ ಹಾಗೆಯೇ ಕೂಗಿಸಿದ್ದೇನೆ. ಈಗ ಹೇಳಹೊರಟಿರುವುದು ಆ ಉತ್ತರದ ವಿಷಯವೇ.

ನನ್ನ ಯಜಮಾನರು ಹೋದಮೇಲೆ ಅವರ ಕಡೆಯಿಂದ ನನಗೆ ಉಳಿದದ್ದು ಎರಡು: ಅವರ ನೀಲಿ ಬಣ್ಣದ ಸಣ್ಣ ಹಳೇ ಕಾರು, ಮತ್ತು ಅವರ ತಂಗಿ ಗಿರಿಜಾ. ಗಿರಿಜಾ ಮದುವೆಯಾಗಲಿಲ್ಲ. ಹೊಳೆನರಸೀಪುರದಲ್ಲಿ ಅವರ ತಂದೆ ಇಟ್ಟಿದ್ದ ಗ್ರಂದಿಗೆ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಕುಂಕುಮ, ಅರಿಶಿನ, ವಿಭೂತಿ, ಕರ್ಪೂರದಿಂದ ಹಿಡಿದು ಟಾರ್ಚಿನ ಸೆಲ್ಲಿನವರೆಗೆ ಎಲ್ಲ ಸಿಗುವ ಕತ್ತಲೆ ಅಂಗಡಿ ಅದು. ಅವಳ ಸೀರೆಯಿಂದಲೂ ಕರ್ಪೂರದ ವಾಸನೆಯೇ ಬರುತ್ತಿತ್ತು. ನಾನು ಮದುವೆಯಾಗಿ ಬಂದಾಗ ಅವಳಿನ್ನೂ ಲಂಗ ದಾವಣಿಯ ಹುಡುಗಿ. ನನ್ನ ಇಂಗ್ಲಿಷ್ ಕೇಳಿ, "ಅತ್ತಿಗೆ ಬಾಯಾಗೆ ಏನೋ ಬಿಸಿ ಆಲೂಗೆಡ್ಡೆ ಐತೆ" ಎಂದು ಅಡುಗೆಮನೆಯಲ್ಲಿ ಎಲ್ಲರನ್ನೂ ನಗಿಸಿದ್ದಳು.

ಅವಳ ಎರಡು ಕಿಡ್ನಿಗಳೂ ಕೈಕೊಟ್ಟವು. ವಾರಕ್ಕೆ ಎರಡು ಸಲ ಹಾಸನದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಎಂದಾಯಿತು. ಮಂಗಳವಾರ, ಶುಕ್ರವಾರ. ನಮ್ಮ ಮನೆಗೇ ಬಂದಿರು ಎಂದರೆ ಅಂಗಡಿ ಬಿಡುವುದಿಲ್ಲ. ಡಯಾಲಿಸಿಸ್ ಮುಗಿದಮೇಲೆ ತಲೆ ಸುತ್ತಿ ಒಮ್ಮೆ ಬಸ್ಸಿನ ಮೆಟ್ಟಿಲಲ್ಲೇ ಕುಸಿದಳು. ಅಂದಿನಿಂದ ನಾನೇ ಹೋಗಿ ಕರೆತಂದು, ಮುಗಿದಮೇಲೆ ವಾಪಸು ಬಿಡುತ್ತಿದ್ದೆ. ಈ ವಯಸ್ಸಿನಲ್ಲಿ ಡ್ರೈವಿಂಗ್ ಯಾಕೆ ಎಂದು ಕೇಳಿದವರಿಗೆ ನನ್ನ ಲೈಸೆನ್ಸ್ ತೋರಿಸುತ್ತಿದ್ದೆ.

ಆಮೇಲೆ ಕಾರು ದಾರಿಯಲ್ಲಿ ನಿಲ್ಲಲು ಶುರುಮಾಡಿತು. ಕೆಮ್ಮು ಇಲ್ಲ, ಹೊಗೆ ಇಲ್ಲ. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಸುಮ್ಮನಾಗಿಬಿಡುತ್ತಿತ್ತು. ಡ್ಯಾಶ್ ಬೋರ್ಡಿನ ದೀಪಗಳೂ ಸತ್ತಿರುತ್ತಿದ್ದವು, ಹಾರನ್ನೂ ಇಲ್ಲ. ರಸ್ತೆಯ ಬದಿಗೆ ಉರುಳಿಸಿಕೊಂಡು ಹೋಗಿ, ಕೀಯನ್ನು ಆಚೀಚೆ ತಿರುಗಿಸುತ್ತಾ ಕೂತರೆ ಮತ್ತೆ ಯಾವಾಗಲೋ ಹೊರಡುತ್ತಿತ್ತು.

ಗಿರಿಜಾ ಅದಕ್ಕೆ ತನ್ನದೇ ಅರ್ಥ ಕಟ್ಟಿದಳು. "ಆಸ್ಪತ್ರೆಗೆ ಓಗುವಾಗ ನಿಲ್ತೈತೆ, ಬರುವಾಗ ನಿಲ್ಲಲ್ಲ. ನೋಡಿದ್ರಾ ಅತ್ತಿಗೆ? ಅಣ್ಣ ಬ್ಯಾಡ ಅಂತಾವ್ನೆ. ಸಾಕು, ಮನೇಗ್ ಓಗು ಅಂತಾವ್ನೆ."

ಅರಕಲಗೂಡಿಗೆ ಗೃಹಪ್ರವೇಶಕ್ಕೆ ಹೋಗಿ ವಾಪಸು ಬರುವಾಗಲೂ ನಿಂತಿತ್ತಲ್ಲ ಎಂದೆ.

"ಅದು ಲೆಕ್ಕಕ್ಕಿಲ್ಲ. ಅಲ್ಲಿ ನೀವು ಒಬ್ಬಟ್ಟು ಜಾಸ್ತಿ ತಿಂದಿದ್ರಿ."

ನಗುತ್ತಲೇ ಹೇಳುತ್ತಿದ್ದಳು. ಆದರೆ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಸಾಕಾಗಿತ್ತು. ಸೂಜಿ ಚುಚ್ಚಿ ಚುಚ್ಚಿ ಎಡಗೈ ಗಂಟುಗಂಟಾಗಿತ್ತು. ಕುಡಿಯುವ ನೀರಿಗೂ ಲೆಕ್ಕ. ಬಿಟ್ಟುಬಿಡಲು ಅವಳು ಒಂದು ನೆಪ ಹುಡುಕುತ್ತಿದ್ದಳು, ಅದೂ ಯಾರಿಗೂ ಬೇಸರವಾಗದ ನೆಪ. ಸತ್ತ ಅಣ್ಣನೇ ಬೇಡ ಅಂದ ಎಂದರೆ ಎದುರು ಮಾತಾಡುವವರು ಯಾರು? ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಬಹಳ ದಿನ ಇಲ್ಲ ಎಂದಿದ್ದರು.

ಒಂದು ಮಂಗಳವಾರ ಕಾರು ದಾರಿಯಲ್ಲಿ ಬಹಳ ಹೊತ್ತು ನಿಂತುಬಿಟ್ಟಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಸರದಿ ತಪ್ಪಿ, ಸಂಜೆ ಯಾವಾಗಲೋ ಮುಗಿಯಿತು. ಊರಿಗೆ ಹೋಗಲಾಗದೆ ನಮ್ಮ ಮನೆಯಲ್ಲೇ ಉಳಿದಳು. ಗುರುವಾರ ಬೆಳಿಗ್ಗೆ ಬ್ಯಾಗು ತುಂಬಿಕೊಂಡು, "ಬಸ್ ಸ್ಟ್ಯಾಂಡಿಗೆ ಬುಟ್ಬುಡಿ ಅತ್ತಿಗೆ. ನಾಳೆಯಿಂದ ಬರಕ್ಕಿಲ್ಲ. ಸಾಕು" ಎಂದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ವಾದ ಮಾಡಿದೆ. ಅವಳು ಹೂಂ ಹೂಂ ಎನ್ನುತ್ತಾ ಸೀರೆ ಮಡಿಸುತ್ತಿದ್ದಳು.

ಬಸ್ ಸ್ಟ್ಯಾಂಡಿಗೇ ಎಂದು ಹೊರಟು, ಕಾರನ್ನು ಚನ್ನರಾಯಪಟ್ಟಣ ರಸ್ತೆಗೆ ತಿರುಗಿಸಿದೆ. ಅಲ್ಲಿ ಬೂವನಹಳ್ಳಿಯ ಚಂದ್ರು ಎಂಬ ಆಟೋ ಎಲೆಕ್ಟ್ರಿಷಿಯನ್‌ನ ಶೆಡ್ಡಿದೆ. ಯಜಮಾನರ ಕಾಲದಿಂದಲೂ ಕಾರಿನ ವೈರಿನ ಕೆಲಸವೆಲ್ಲ ಅವನದೇ. ಕಾರಣವನ್ನು ಅವಳ ಕಣ್ಣೆದುರಿಗೇ ತೋರಿಸಿದರೆ ಅಣ್ಣನ ಮಾತು ಬಿದ್ದುಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಪುವರ್ ಗಿರಿಜಾ, ಪ್ರೂಫಿನಿಂದ ಅವಳನ್ನು ಉಳಿಸಿಕೊಳ್ಳಲು ಹೊರಟಿದ್ದೆ.

ಚಂದ್ರು ಸ್ಟಿಯರಿಂಗಿನ ಕೆಳಗಿನ ಕವರ್ ಬಿಚ್ಚಿದ. ಅವನ ಬಳಿ ಒಂದು ಟೆಸ್ಟ್ ಲ್ಯಾಂಪ್ ಇತ್ತು. ಏನಿಲ್ಲ, ಹೋಲ್ಡರಿನಲ್ಲಿ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ವೈರು. ಒಂದರ ತುದಿಯಲ್ಲಿ ಕ್ಲಿಪ್ಪು, ಅದನ್ನು ಕಾರಿನ ಬಾಡಿಗೆ ಕಚ್ಚಿಸಬೇಕು. ಇನ್ನೊಂದರ ತುದಿಯಲ್ಲಿ ಸೂಜಿ, ಅದನ್ನು ಇಗ್ನಿಷನ್ ಸ್ವಿಚ್ಚಿನ ಹಿಂದಿನ ವೈರುಗಳಿಗೆ ಒಂದೊಂದಾಗಿ ಮುಟ್ಟಿಸುತ್ತಾ ಹೋಗಬೇಕು. ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ವೈರಿಗೆ ಮುಟ್ಟಿಸಿದಾಗ ಬಲ್ಬು ಚೆನ್ನಾಗಿ ಹತ್ತಿತು. ಅಲ್ಲಿಗೆ ಕರೆಂಟು ಬರುತ್ತಿದೆ. ಸ್ವಿಚ್ಚಿನಿಂದ ಆಚೆ ಹೋಗುವ ವೈರಿಗೆ ಮುಟ್ಟಿಸಿ, ನನಗೆ ಕೀಯನ್ನು ಆನ್ ಮಾಡಲು ಹೇಳಿದ. ಹತ್ತಿತು. ಕೀಯನ್ನು ಸ್ವಲ್ಪ ಅಲುಗಿಸಿದೆ. ಬಲ್ಬು ಮಿಣುಕಿ ಆರಿತು.

"ಸಿಕ್ಕಾಕಂಡ ಕಳ್ಳ," ಎಂದ ಚಂದ್ರು. "ಸ್ವಿಚ್ ಒಳಗೇ ಐತೆ ಮೇಡಂ ತೊಂದ್ರೆ. ಬಿಚ್ಚಿ ನೋಡ್ಬುಡನ."

ಸ್ವಿಚ್ ಬಿಚ್ಚುವ ಮುಂಚೆ ಬ್ಯಾಟರಿಯ ವೈರು ತೆಗೆಯಬೇಕು. ಹೇಗೂ ತೆಗೆದಾಯಿತು, ಚಾರ್ಜೂ ಕಮ್ಮಿ ಇದೆ ಎಂದು ಅವನು ಬ್ಯಾಟರಿಯನ್ನೇ ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿ ಚಾರ್ಜಿಗೆ ಹಾಕಿ ಬಂದ. ಗಿರಿಜಾ ಅಲ್ಲೇ ಹಿಂದೆ, ನೆರಳಿನ ಬೆಂಚಿನ ಮೇಲೆ ಕೂತಿದ್ದಳು. "ಏನ್ಲಾ ಚಂದ್ರು, ನನ್ನ ಪಕ್ಕಕ್ಕೆ ಏನೋ ತಂದಿಟ್ಟೆ, ಒಟ್ಟೆ ಕೆಟ್ಟೋರ ಅಂಗೆ ಗುಳುಗುಳು ಅಂತೈತೆ" ಎಂದು ಅವಳು ಕೂಗಿದ್ದು ಕೇಳಿಸಿತು. ನನ್ನ ಗಮನವೆಲ್ಲ ಚಂದ್ರುವಿನ ಕೈಯಲ್ಲಿತ್ತು.

ಸ್ವಿಚ್ಚಿನ ಹಿಂಭಾಗ ತೆರೆದಾಗ ಒಳಗೆ ಕೆಂಪು. ನಾನು ಮೊದಲು ತುಕ್ಕು ಎಂದುಕೊಂಡೆ. ಚಂದ್ರು ಉಗುರಿನಿಂದ ಕೆರೆದು ಮೂಸಿ ನೋಡಿದ. ಕುಂಕುಮ. ತಾಮ್ರದ ಕಾಂಟ್ಯಾಕ್ಟಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಅದರ ಮೇಲೆ ಗಟ್ಟಿಯಾಗಿ ಒಣಗಿದ ಕೆಂಪು ಗಸಿ.

ನೋಡಿದ ಕೂಡಲೇ ನನಗೆ ಅರ್ಥವಾಯಿತು. ಯಜಮಾನರು ಪ್ರತಿ ಆಯುಧಪೂಜೆಗೆ ಸ್ಟಿಯರಿಂಗಿಗೆ ಮೂರು ಬೆರಳಿನ ವಿಭೂತಿ ಎಳೆದು, ಕೀ ಹಾಕುವ ತೂತಿನ ಪಕ್ಕದಲ್ಲಿ ಒಂದು ಸಣ್ಣ ಬೊಟ್ಟು ಇಡುತ್ತಿದ್ದರು. ಅವರು ಹೋದಮೇಲೆ ಆ ಪೂಜೆ ಗಿರಿಜಾಳ ಪಾಲಿಗೆ ಬಂತು. ಅವಳದೇನು, ಅಂಗಡಿಯ ಮಾಲು, ಧಾರಾಳದ ಕೈ. ಆಗತಾನೇ ಒಡೆದ ತೆಂಗಿನಕಾಯಿಯ ನೀರಿನಲ್ಲಿ ಕುಂಕುಮ ಕಲೆಸಿ, ಬೆರಳು ಅದ್ದಿ, ಆ ತೂತಿನ ಮೇಲೇ ಒತ್ತುತ್ತಿದ್ದಳು. ಉಳಿದದ್ದನ್ನೂ ಅಲ್ಲಿಗೇ ಸುರಿಯುತ್ತಿದ್ದಳು. "ಕಾರಿಗೆ ಬಾಯಿ ಅಂತ ಇರಾದು ಇದೊಂದೇ ಅಲ್ವಾ ಅತ್ತಿಗೆ" ಎನ್ನುತ್ತಿದ್ದಳು. ನಾನೂ ಪಕ್ಕದಲ್ಲಿ ನಿಂತು ಊದುಬತ್ತಿ ಹಿಡಿದಿರುತ್ತಿದ್ದೆ. ಉಪ್ಪಿನಂಶದ ಆ ಕಾಯಿನೀರು ತಾಮ್ರಕ್ಕೆ ಏನು ಮಾಡುತ್ತದೆ ಎಂದು ನನಗೇ ಹೊಳೆದಿರಲಿಲ್ಲ.

ಅಣ್ಣನೇ ಕಾರು ನಿಲ್ಲಿಸುತ್ತಾನೆ ಎಂಬ ಅವಳ ಮಾತನ್ನು ಚಂದ್ರುವಿಗೆ ಹೇಳಿ, ಅವಳನ್ನು ಕರೆದು ತೋರಿಸಿದೆವು. ಚಂದ್ರು, "ನೋಡವ್ವಾ, ಕಾರು ನಿಲ್ಲುಸ್ತಿದ್ದೋರು ನಿಮ್ಮಣ್ಣ ಅಲ್ಲ, ನಿಮ್ಮಂಗ್ಡಿ ಕುಂಕುಮ. ಅಸಲಿ ಮಾಲು ಬುಡಿ, ಪೆಟ್ರೋಲಾಗೆ ತೊಳುದ್ರೂ ಬುಡ್ತಿಲ್ಲ" ಎಂದು ನಕ್ಕ. ನಾನೂ ನಕ್ಕೆ. ಗೆದ್ದೆ ಎಂದುಕೊಂಡೆ. ಗಿರಿಜಾ ನಗಲಿಲ್ಲ. ಆ ಸ್ವಿಚ್ಚನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡಿ, ಅವನಿಗೇ ವಾಪಸು ಕೊಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂತಳು. ಆಗ ನನ್ನ ನಗು ನಿಂತಿತು. ಅವಳಿಂದ ನಾನು ಕಿತ್ತುಕೊಂಡದ್ದು ಒಂದು ಮೂಢನಂಬಿಕೆಯನ್ನಲ್ಲ, ಒಂದು ಸಮಾಧಾನವನ್ನು ಎಂದು ಅನ್ನಿಸಿತು.

ಚಂದ್ರು ಕಾಂಟ್ಯಾಕ್ಟುಗಳನ್ನು ಉಜ್ಜಿ ಹೊಳೆಯಿಸಿ, ಸ್ವಿಚ್ಚನ್ನು ಮತ್ತೆ ಕೂರಿಸಿ, ವೈರುಗಳನ್ನು ಸಿಕ್ಕಿಸಿದ. ಕೊನೆಗೆ ಒಮ್ಮೆ ಟೆಸ್ಟ್ ಮಾಡಬೇಕಲ್ಲ ಎಂದು ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಸೂಜಿಯನ್ನು ಆಚೆ ಹೋಗುವ ವೈರಿಗೆ ಸಿಕ್ಕಿಸಿ, ಬಲ್ಬನ್ನು ಸ್ಟಿಯರಿಂಗಿನ ಕೆಳಗೆ ನೇತುಬಿಟ್ಟ. ಅಷ್ಟರಲ್ಲಿ ರಸ್ತೆಯಲ್ಲಿ ಯಾರೋ ಆಟೋದವನು ಹಾರನ್ ಮಾಡಿ ಕರೆದ. "ಒಂದ್ನಿಮಿಷ ಮೇಡಂ" ಎಂದು ಹೋದ.

ಆಗ ಗಿರಿಜಾ ಎದ್ದು ಬಂದಳು. ಬಂದವಳೇ ಡ್ರೈವರ್ ಸೀಟಿನಲ್ಲಿ ಕೂತಳು. ಅವಳು ಆ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸರಿ ಓಯ್ತು ಅಂತೀರಿ?" ಎಂದಳು.

"ಪರ್ಫೆಕ್ಟ್" ಎಂದೆ.

"ಅಂಗಾರೆ ನಾನೇ ತಿರುಗಿಸ್ತೀನಿ. ಈ ದೀಪ ಹತ್ತಿದ್ರೆ ನಾಳೆ ಆಸ್ಪತ್ರೆಗೆ ಬತ್ತೀನಿ, ಮುಂದೆಯೂ ಬತ್ತೀನಿ, ಒಂದ್ ಮಾತು ಆಡಕ್ಕಿಲ್ಲ. ಹತ್ತದೆ ಓದ್ರೆ ನೀವು ಇನ್ ಯಾವತ್ತೂ ನನ್ನ ಕರೀಬಾರ್ದು. ಅಣ್ಣನ ಮೇಲಾಣೆ. ಒಪ್ಪಿಗೆಯಾ?"

ಉಜ್ಜಿ ಹೊಳೆಯಿಸಿದ ಕಾಂಟ್ಯಾಕ್ಟನ್ನು ನಾನೇ ಕಣ್ಣಾರೆ ನೋಡಿದ್ದೆ. ಯೋಚಿಸಲೇ ಇಲ್ಲ. "ಡನ್" ಎಂದೆ.

ಅವಳು ಕೀ ತಿರುಗಿಸಿದಳು. ಬಲ್ಬು ಹತ್ತಿತು.

ಮಿಣುಕಲಿಲ್ಲ, ಅಲುಗಲಿಲ್ಲ. ಆ ತಗಡಿನ ಶೆಡ್ಡಿನ ಮಬ್ಬಿನಲ್ಲಿ ಒಂದು ಹಳದಿ ಬೆಳಕು ಅವಳ ಮೊಣಕಾಲಿನ ಮೇಲೆ, ಸೀರೆಯ ನೆರಿಗೆಯ ಮೇಲೆ ಬಿತ್ತು. ಬಲ್ಬಿನೊಳಗಿನ ಎಳೆ ಕೆಂಡದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ. ಆ ಮುಖದಲ್ಲಿ ಏನೋ ಬದಲಾಯಿತು, ಅದಕ್ಕೆ ನಾನಾಗ ಸಂತೋಷ ಎಂದು ಹೆಸರು ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಕೀಯನ್ನು ಹಿಂದಕ್ಕೆ ತಿರುಗಿಸಿದಳು. ಆರಿತು. "ಸರಿ," ಎಂದು ಒಂದೇ ಮಾತು ಹೇಳಿ, ಮುಖ ತೊಳೆಯಲು ಮೂಲೆಯ ನಲ್ಲಿಯ ಕಡೆ ಹೋದಳು.

ನನಗೆ ಕುಣಿಯುವಷ್ಟು ಖುಷಿ. ಕಾರಿನ ಬಾನೆಟ್ ಇನ್ನೂ ಎತ್ತಿಯೇ ಇತ್ತು, ಮುಚ್ಚೋಣ ಎಂದು ಮುಂದೆ ಹೋದೆ. ಬ್ಯಾಟರಿ ಇರಬೇಕಾದ ಜಾಗ ಖಾಲಿ ಇತ್ತು. ತುಕ್ಕು ಹಿಡಿದ ತಟ್ಟೆ, ಅದರ ಪಕ್ಕದಲ್ಲಿ ಎರಡು ವೈರಿನ ತುದಿಗಳು, ಒಂದಕ್ಕೆ ಚಂದ್ರು ಸುತ್ತಿದ್ದ ಬಟ್ಟೆ ಹಾಗೆಯೇ ಇತ್ತು.

ಭಯವಾಯಿತೇ ಎಂದು ಕೇಳಿದರೆ, ಇಲ್ಲ. ಚಿಕ್ಕವಳಿದ್ದಾಗ ಕಾನ್ವೆಂಟಿನ ಚಾಪೆಲಿನಲ್ಲಿ, ಪ್ರಾರ್ಥನೆ ಮುಗಿದು ಎಲ್ಲರೂ ಹೋದಮೇಲೆ ಒಬ್ಬಳೇ ಉಳಿದರೆ ಒಂಥರಾ ಆಗುತ್ತಿತ್ತು. ಜೋರಾಗಿ ಉಸಿರಾಡಲೂ ಸಂಕೋಚ. ಗ್ರೀಸಿನ ವಾಸನೆಯ ಆ ಶೆಡ್ಡಿನಲ್ಲಿ, ಇಷ್ಟು ವರ್ಷಗಳ ಮೇಲೆ, ಅದೇ ಥರ ಆಯಿತು.

ಚಂದ್ರು ಬಂದ. "ಕೀ ತಿರುಗಿಸು" ಎಂದೆ.

"ಬ್ಯಾಟ್ರಿ ಎಲ್ಲೈತೆ ಮೇಡಂ? ಹಿಂದೆ ಚಾರ್ಜಿಗೆ..." ಎಂದವನು ನಿಂತುಬಿಟ್ಟ. "ಈಗ ಲ್ಯಾಂಪು ಹತ್ತಿತ್ತಲ್ಲ? ಅಲ್ಲಿಂದ್ಲೇ ನೋಡ್ದೆ. ನೀವೇ ಬ್ಯಾಟ್ರಿ ತಂದು ಕೂರಿಸಿದ್ರೇನೋ ಅಂದ್ಕಂಡೆ."

ಅವನು ಕೀ ತಿರುಗಿಸಿದ. ಏನೂ ಇಲ್ಲ. ನಾನು ತಿರುಗಿಸಿದೆ. ಏನೂ ಇಲ್ಲ. ಮೀಟರ್ ತಂದು ಮುಟ್ಟಿಸಿದ. ಸೊನ್ನೆ. ನಥಿಂಗ್, ಸಿಸ್ಟರ್.

ಅವನು ದನಿ ತಗ್ಗಿಸಿ, "ಮನೆ ಕಡೆ ಎಲ್ಲಾ ಚೆನ್ನಾಗವ್ರಾ ಮೇಡಂ? ಒಂದ್ ಫೋನ್ ಆಕ್ಬುಡಿ" ಎಂದ. ಹೇಳಲು ನಾಚಿಕೆ, ಹಾಕಿದೆ. ಚನ್ನರಾಯಪಟ್ಟಣದಲ್ಲಿ ನನ್ನ ತಮ್ಮನ ಮನೆಯಲ್ಲಿ ಎಲ್ಲರೂ ಆರಾಮಾಗಿ ಬಜ್ಜಿ ತಿನ್ನುತ್ತಿದ್ದರು. ಯಾಕೆ ಫೋನ್ ಮಾಡಿದಿರಿ ಎಂದು ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಏನೋ ಹೇಳಿದೆ. ಗಿರಿಜಾಳ ಮುಂದೆ ಈ ಮಾತು ಎತ್ತಬಾರದು ಎಂದು ಚಂದ್ರುವಿಗೆ ಹೇಳಿದೆ. ಅವಳು ಸ್ವಿಚ್ ಸರಿಹೋಗಿದೆ, ಅದಕ್ಕೇ ದೀಪ ಹತ್ತಿತು ಎಂದು ತಿಳಿದಿದ್ದಾಳೆ. ಹಾಗೆಯೇ ಇರಲಿ ಎಂದುಕೊಂಡೆ.

ಆಮೇಲೆ ನಾನು ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ಆ ಕಾರಿನ ಸರ್ಕ್ಯೂಟನ್ನು ಎಷ್ಟು ಸಲ ಬರೆದೆನೋ. ರೇಡಿಯೋದೊಳಗೆ ಚಾರ್ಜು ಉಳಿದಿತ್ತೇ? ಉಳಿದಿದ್ದರೂ ಅಂಥ ಬಲ್ಬನ್ನು ಅಷ್ಟು ಹೊತ್ತು ಉರಿಸದು. ಹೊರಗಿನ ಬಿಸಿಲು ಗಾಜಿನ ಮೇಲೆ ಹೊಳೆಯಿತೇ? ಆ ಮೂಲೆಗೆ ಬಿಸಿಲು ಬರುವುದಿಲ್ಲ, ಮತ್ತೊಂದು ಗುರುವಾರ ಅದೇ ಹೊತ್ತಿಗೆ ಹೋಗಿ ನಿಂತು ನೋಡಿ ಬಂದಿದ್ದೇನೆ. ನನ್ನ ಹಳೇ ಸ್ಟೂಡೆಂಟ್ ಒಬ್ಬ ದೊಡ್ಡ ಎಂಜಿನಿಯರ್ ಆಗಿದ್ದಾನೆ, ಅವನನ್ನೂ ಕೇಳಿದೆ. ಬಹಳ ಗೌರವದಿಂದ, "ಮಿಸ್, ಆವತ್ತು ಊಟ ಮಾಡಿದ್ರಾ?" ಎಂದ. ಎಕ್ಸಾಕ್ಟ್ಲಿ ನನ್ನದೇ ಟೋನು. ನಾನೇ ಕಲಿಸಿದ್ದಲ್ಲವೇ.

ಗಿರಿಜಾ ಮಾತಿಗೆ ತಪ್ಪಲಿಲ್ಲ. ಮರುದಿನ ಬಂದಳು, ಆಮೇಲೂ ಬರುತ್ತಲೇ ಇದ್ದಾಳೆ. ಕಾರು ಮತ್ತೆ ಎಂದೂ ನಿಂತಿಲ್ಲ. ಆಯುಧಪೂಜೆಯ ದಿನ ಅವಳು ಕುಂಕುಮದ ಬಟ್ಟಲು ಹಿಡಿದು ಬಂದರೆ ನಾನು ಆ ತೂತಿಗೆ ಹೆಬ್ಬೆರಳು ಅಡ್ಡ ಇಟ್ಟುಕೊಂಡು ನಿಲ್ಲುತ್ತೇನೆ. ಅವಳು ನನ್ನ ಹೆಬ್ಬೆರಳಿಗೇ ಬೊಟ್ಟಿಡುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಈಚೆಗೆ ಒಂದು ಶುಕ್ರವಾರ ಬೆಳಿಗ್ಗೆ ಹೊಳೆನರಸೀಪುರದಿಂದ ಹೊರಟು ಬರುತ್ತಿದ್ದೆವು. ಅವಳು ಕಿಟಕಿಯ ಆಚೆ ನೋಡುತ್ತಾ ಕೇಳಿದಳು: "ಅತ್ತಿಗೆ, ಅವತ್ತು ಚಂದ್ರು ಸೆಡ್ಡಾಗೆ ದೀಪ ಎಂಗೆ ಹತ್ತಿತು?"

"ಸ್ವಿಚ್ ಕ್ಲೀನ್ ಮಾಡಿದ್ನಲ್ಲ. ಹತ್ತಿತು."

"ಬ್ಯಾಟ್ರಿ ನನ್ನ ಪಕ್ಕದಾಗೆ ಇತ್ತಲ್ಲ ಅತ್ತಿಗೆ, ಗುಳುಗುಳು ಅಂತ. ನೋಡ್ಕಂಡೇ ಎದ್ದು ಬಂದಿದ್ದು ನಾನು."

ನಾನು ಕಾರನ್ನು ಬದಿಗೆ ತೆಗೆದುಕೊಂಡೆ. ಎಂಜಿನ್ ಆಫ್ ಮಾಡಿದೆ.

"ಟಾರ್ಚು ಸೆಲ್ಲು ಮಾರಿದೋಳು ಕಣತ್ತಿಗೆ ನಾನು. ಸೆಲ್ಲಿಲ್ದೆ ದೀಪ ಹತ್ತಲ್ಲ ಅನ್ನಾದು ಗೊತ್ತಿಲ್ವಾ? ಹತ್ತಲ್ಲ, ನೀವು ಆಣೆಗೆ ಕಟ್ಟುಬಿದ್ದು ಸುಮ್ಕಾಯ್ತೀರಿ, ನಂಗೆ ಬಿಡುಗಡೆ ಅಂದ್ಕಂಡು ತಿರುಗಿಸಿದ್ದು."

ಅವಳ ಮುಖದಲ್ಲಿ ಆ ದಿನ ನಾನು ಕಂಡದ್ದು ಸಂತೋಷವಲ್ಲ ಎಂದು ಆಗ ತಿಳಿಯಿತು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

"ನೀವ್ಯಾಕೆ ಯೋಳ್ಲಿಲ್ಲ?"

ಪಕ್ಕದಲ್ಲಿ ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. "ನಿಮ್ಮಣ್ಣನಾ?" ಎಂದು ಕೇಳಿದೆ. ಹೌದು, ನಾನೇ ಕೇಳಿದ್ದು, ಫ್ಯೂಸ್ ಚೆಕ್ ಮಾಡಿದ್ರಾ ಎನ್ನುತ್ತಿದ್ದ ನಾನೇ.

"ಯಾರೋ ಏನೋ. ನಂಗೂ ಗೊತ್ತಿಲ್ಲ. ಮಾತು ಕೊಟ್ಟಿದ್ದೆ, ಬತ್ತಾ ಇವ್ನಿ" ಎಂದಳು.

ನಾನು ಕೀಯನ್ನು ಆನ್‌ಗೆ ತಿರುಗಿಸಿದೆ. ಡ್ಯಾಶ್ ಬೋರ್ಡಿನಲ್ಲಿ ಕೆಂಪು ದೀಪಗಳು ಹತ್ತಿದವು. ಬ್ಯಾಟರಿ ಇತ್ತು, ವೈರುಗಳು ಇದ್ದವು, ಎಲ್ಲವೂ ಇರಬೇಕಾದ ಜಾಗದಲ್ಲೇ ಇತ್ತು. ಆದರೂ ಅವು ಹತ್ತಿದ್ದನ್ನು ನೋಡುತ್ತಾ, ಸ್ಟಾರ್ಟಿಗೆ ತಿರುಗಿಸಲು ಮನಸ್ಸಾಗದೆ ಹಾಗೇ ಕೂತುಬಿಟ್ಟೆ.

"ನಡೀರಿ ಅತ್ತಿಗೆ," ಎಂದಳು ಗಿರಿಜಾ. "ಲೇಟಾದ್ರೆ ಆ ನರ್ಸಮ್ಮ ಬಯ್ತಾಳೆ."